269–269ರ ಗಂಟು ಕೊನೆಗೂ ಬಿಚ್ಚಿತು

ಅಂತೂ ಕೊನೆಯ ಸುತ್ತು ಓಡುತ್ತಿದೆ! ನನ್ನ ಅಮೆರಿಕ ಚುನಾವಣೆ ಬೋರ್ಡ್ ಗೇಮ್‌ನಲ್ಲಿ ಪ್ರಚಾರ, ದೇಣಿಗೆ, ಎಣಿಕೆ ಎಲ್ಲಾ ಎಂದೋ ಸರಿಹೋಗಿತ್ತು. ಪ್ರಾಣ ತಿಂದಿದ್ದು ಸಮಬಲ.

ರಾಜ್ಯಗಳಿಗೆ ಹಂಚಿದ 538 ಎಲೆಕ್ಟೊರಲ್ ವೋಟಿನಲ್ಲಿ (ಅಧ್ಯಕ್ಷರನ್ನು ಆರಿಸುವ ವೋಟು) ಯಾರಿಗೂ 270 ಬರದಿದ್ದರೆ, ಸಂವಿಧಾನದ 12ನೇ ತಿದ್ದುಪಡಿಯಂತೆ ಆಟ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಗೆ ಹೋಗುತ್ತದೆ. ಅಲ್ಲಿ ರಾಜ್ಯಕ್ಕೊಂದೇ ವೋಟು. 52 ಪ್ರತಿನಿಧಿಗಳ ಕ್ಯಾಲಿಫೋರ್ನಿಯಾಗೂ ಒಂದು, ಒಬ್ಬರೇ ಇರುವ ವಯೋಮಿಂಗ್‌ಗೂ ಒಂದು. ಕ್ಯಾಲಿಫೋರ್ನಿಯಾ ಹಿಡಿದು ಕೂತವರ ಮುಖ ನೋಡಬೇಕಿತ್ತು! ಗೆಲ್ಲಲು 26 ರಾಜ್ಯ ಬೇಕು. ರಾಜ್ಯದೊಳಗೇ ಸಮಸಮ ಆದರೆ ಆ ವೋಟು ಯಾರಿಗೂ ಇಲ್ಲ. ಆಟ ಅಲ್ಲೇ ಕಚ್ಚಿಕೊಳ್ಳುತ್ತಿತ್ತು.

ಇದರ ಮೇಲೆ ಮೇಲ್ಮನೆ ಸೆನೆಟ್‌ನ ಕಿತಾಪತಿ. ಉಪಾಧ್ಯಕ್ಷರನ್ನು ಆರಿಸುವುದು ಸೆನೆಟ್. ಅಲ್ಲಿ ತಲೆಗೊಂದು ವೋಟು, 51 ಸಾಕು. ಜನವರಿ 20ರ ಮಧ್ಯಾಹ್ನದೊಳಗೆ ಪ್ರತಿನಿಧಿ ಸಭೆಯು ಅಧ್ಯಕ್ಷರನ್ನು ಆರಿಸದಿದ್ದರೆ, 20ನೇ ತಿದ್ದುಪಡಿಯಂತೆ ಆ ಉಪಾಧ್ಯಕ್ಷರೇ ಅಧಿಕಾರ ನಡೆಸುತ್ತಾರೆ. ಅಂದರೆ ಸೆನೆಟ್ ಕೈಲಿದ್ದವನು ಸುಮ್ನೆ ಕಾಲ ತಳ್ಳಿದರೂ ಗೆದ್ದ. ಸಂವಿಧಾನದ್ದೇ ನಿಯಮ, ಕಿತ್ತು ಹಾಕೋಕೂ ಆಗಲ್ಲ. ದಾಳ ಹಾಕಿಸಿ ನೋಡಿದೆ. ಬರೀ ಅದೃಷ್ಟದಾಟ.

ದಾರಿ ಸಿಕ್ಕಿದ್ದು ಹೀಗೇ ಪ್ರತಿನಿಧಿ ಸಭೆಗೆ ಹೋಗಿದ್ದ 1801ರ ಅಧ್ಯಕ್ಷರ ಆಯ್ಕೆಯಲ್ಲಿ. ಜೆಫರ್ಸನ್, ಬರ್ ಇಬ್ಬರಿಗೂ 73 ವೋಟು. ಆಗ 16 ರಾಜ್ಯ, ಬೇಕಿದ್ದು 9. ಫೆಬ್ರವರಿ 11ರಿಂದ 35 ಸಲ ವೋಟು ಹಾಕಿದರೂ ಜೆಫರ್ಸನ್‌ಗೆ 8, ಬರ್‌ಗೆ 6. ವರ್ಮಾಂಟ್, ಮೇರಿಲ್ಯಾಂಡ್ ಎರಡೂ ಒಡೆದ ಮನೆ. 17ರಂದು, 36ನೇ ಸಲ, ಎದುರಾಳಿ ಫೆಡರಲಿಸ್ಟ್ ಪಕ್ಷದ ಒಬ್ಬನೂ ಜೆಫರ್ಸನ್‌ಗೆ ವೋಟು ಹಾಕಲಿಲ್ಲ. ವರ್ಮಾಂಟ್‌ನ ಫೆಡರಲಿಸ್ಟ್ ಹೊರಗುಳಿದ. ಮೇರಿಲ್ಯಾಂಡ್‌ನ ಫೆಡರಲಿಸ್ಟರು ಖಾಲಿ ಚೀಟಿ ಹಾಕಿದರು. ಡೆಲವೇರ್‌ನ ಏಕೈಕ ಪ್ರತಿನಿಧಿ ಜೇಮ್ಸ್ ಬೇಯರ್ಡ್ ಕೂಡ ಖಾಲಿ. ಒಡೆದಿದ್ದ ಆ ಎರಡು ಮನೆಯೂ ಸೇರಿ ಜೆಫರ್ಸನ್‌ಗೆ 10 ರಾಜ್ಯ!

ಸರಿ, ಎಲ್ಲರಿಗೂ 'ಖಾಲಿ ಚೀಟಿ' ಕಾರ್ಡ್ ಕೊಟ್ಟೆ. ಎದುರಾಳಿಗೆ ವೋಟು ಹಾಕಿದರೆ ಅಂಕ ಹೋಗುತ್ತದೆ. ಖಾಲಿ ಹಾಕಿದರೆ ಹೋಗಲ್ಲ, ಬದಲಿಗೆ ಒಂದು ನೇಮಕಾತಿ ಕಾರ್ಡ್ ವಸೂಲಿ ಮಾಡಬಹುದು. ನನ್ನ ಆಟದಲ್ಲಿ ಒಂದು ಪಕ್ಷಕ್ಕೆ ಇಬ್ಬರು ಆಟಗಾರರು. ಸೆನೆಟ್ ಇಲ್ಲದವನು ಈಗ ಜೊತೆಗಾರನ ಕಣ್ಣೆದುರೇ ವ್ಯಾಪಾರಕ್ಕಿಳಿಯುತ್ತಾನೆ. ಜಗಳ ಜೋರು, ಆಟವೂ ಮುಗಿಯುತ್ತದೆ.

ಇನ್ನು ಬೋರ್ಡಿನ ರಾಜ್ಯಗಳನ್ನು ಕತ್ತರಿಸಿಕೊಟ್ಟ ಲೇಸರ್ ಕಟಿಂಗ್ ಅಂಗಡಿಯ ಪುಣ್ಯಾತ್ಮರು. ಮಿಶಿಗನ್ ಅಂದರೆ ನೀರಿನ ಆಚೆ ಈಚೆ ಎರಡು ತುಂಡು. ಮೇಲಿನದನ್ನು ವೇಸ್ಟ್ ಅಂತ ಕಸಕ್ಕೆ ಹಾಕಿ ಪಾರ್ಸೆಲ್ ಕಳಿಸಿದ್ದಾರೆ. ರೋಡ್ ಐಲ್ಯಾಂಡ್ ಊದಿದರೆ ಹಾರುತ್ತದೆ. ಬಿಲ್ ಮಾತ್ರ ಪೂರ್ತಿ 50 ರಾಜ್ಯಕ್ಕೆ.

ಈ ಮಧ್ಯೆ ತಲೆಯಲ್ಲಿ ಮುಂದಿನ ಆಟ ಶುರುವಾಗಿದೆ: ನಮ್ಮ ರಾಷ್ಟ್ರಪತಿ ಚುನಾವಣೆ. 1971ರ ಜನಗಣತಿ ಲೆಕ್ಕದಲ್ಲಿ ಕರ್ನಾಟಕದ ಶಾಸಕರ ಒಂದು ವೋಟಿನ ಬೆಲೆ 131, ಉತ್ತರ ಪ್ರದೇಶದ್ದು 208, ಸಿಕ್ಕಿಂನದು 7. ಜೊತೆಗೆ ಎರಡನೇ ಪ್ರಾಶಸ್ತ್ಯದ ಮತ ಬೇರೆ. ಕ್ಯಾಲ್ಕುಲೇಟರ್ ಇಲ್ಲದೆ ಇದನ್ನು ಮೇಜಿನ ಮೇಲೆ ಎಣಿಸುವ ಉಪಾಯ ಯಾರ ಹತ್ತಿರವಾದರೂ ಇದ್ದರೆ ಹೇಳಿ.