ದೋಸ್ತನ ಪಾರ್ಟಿಗೆ ಡಿಜೆ ಮಾಡಬೇಕು, ಏನು ತಯಾರಿ ಮಾಡಲಿ?

ಕಲಬುರಗಿಯಲ್ಲಿ ನನ್ನ ಪರಿಚಯದ ಹುಡುಗರು, ಈಗೀಗ ಹುಡುಗಿಯರೂ, ಕೇಳುವ ಪ್ರಶ್ನೆ ಇದು. "ಅಣ್ಣಾ, ದೋಸ್ತನ ಬರ್ತ್‌ಡೇ ಅದ. ನೀನೇ ಡಿಜೆ ಮಾಡು ಅಂತ ಗಂಟು ಬಿದ್ದಾರ. ನನಗೇನೂ ಬರಂಗಿಲ್ಲ. ಏನು ತಯಾರಿ ಮಾಡ್ಕೋಬೇಕು?" ಕೆಲವೊಮ್ಮೆ ಬರ್ತ್‌ಡೇ ಬದಲು ಹಳದಿ ಫಂಕ್ಷನ್ ಇರುತ್ತೆ, ಅಷ್ಟೇ ವ್ಯತ್ಯಾಸ. ಫೋನಿನಲ್ಲಿ ಅರ್ಧಂಬರ್ಧ ಹೇಳೋದಕ್ಕಿಂತ ಒಮ್ಮೆ ಪೂರ್ತಿ ಬರೆದಿಡೋದು ವಾಸಿ.

ಮೊದಲು ಖರ್ಚಿನ ಮಾತು ಮುಗಿಸಿಬಿಡೋಣ. ಈಗಲೇ ಏನೂ ಕೊಳ್ಳಬೇಡಿ. ಮಿಕ್ಸ್ ಅಂತ ಒಂದು ಸಾಫ್ಟ್‌ವೇರ್ ಇದೆ, ಹೆಸರಿನ ಕೊನೆಗೆ ಮೂರು ಎಕ್ಸ್. ಪೂರ್ತಿ ಉಚಿತ. ಮನೆಯಲ್ಲಿರುವ ಲ್ಯಾಪ್‌ಟಾಪ್‌ಗೆ ಹಾಕಿಕೊಂಡು ಕೀಬೋರ್ಡ್‌ನಲ್ಲೇ ಕಲಿಯಬಹುದು. ಪಾರ್ಟಿ ದಿನಕ್ಕೆ ಮಾತ್ರ ಒಂದು ಚಿಕ್ಕ ಕಂಟ್ರೋಲರ್ (ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ, ಗುಂಡಿ, ಚಕ್ರ ಇರುವ ಪೆಟ್ಟಿಗೆ) ಬಾಡಿಗೆಗೋ ಕೈಗಡಕ್ಕೋ ಸಿಕ್ಕರೆ ಒಳ್ಳೆಯದು. ಪಯೋನಿಯರ್ ಡಿಜೆ ಕಂಪನಿ 2022ರಲ್ಲಿ ತಂದ ಡಿಡಿಜೆ-ಎಫ್‌ಎಲ್‌ಎಕ್ಸ್4 ತರಹದ್ದು ಸಾಕು. ಕಂಟ್ರೋಲರ್‌ನಿಂದ ನಿಜವಾಗಿ ಆಗುವ ಉಪಯೋಗ ಹೆಡ್‌ಫೋನಿನದು. ಜನ ಒಂದು ಹಾಡು ಕೇಳುತ್ತಿರುವಾಗ ಮುಂದಿನ ಹಾಡನ್ನು ನೀವೊಬ್ಬರೇ ಕೇಳಿ ನೋಡಬೇಕಲ್ವಾ? ಸಾದಾ ಲ್ಯಾಪ್‌ಟಾಪ್‌ನಲ್ಲಿ ಸೌಂಡ್ ಹೊರಗೆ ಹೋಗೋಕೆ ಇರೋದು ಒಂದೇ ದಾರಿ. ಕಂಟ್ರೋಲರ್‌ನಲ್ಲಿ ಎರಡು ಇರುತ್ತೆ. ಅದು ಸಿಗದಿದ್ದರೆ ಒಂದು ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿಕೊಂಡರೂ ಕೆಲಸ ನಡೆಯುತ್ತೆ.

ಇನ್ನು ಹಾಡು. ತಯಾರಿಯ ಮುಕ್ಕಾಲು ಪಾಲು ಇದೇ.

ದೋಸ್ತನಿಗೆ ಫೋನ್ ಮಾಡಿ ಕೇಳಿ: ಯಾರ್ಯಾರು ಬರುತ್ತಾರೆ? ಕಾಲೇಜು ಗ್ಯಾಂಗ್ ಮಾತ್ರನಾ, ಕಾಕಾ, ಕಾಕು, ಸೋದರಮಾವ ಎಲ್ಲಾ ಇರ್ತಾರಾ? ಊಟ ಎಷ್ಟೊತ್ತಿಗೆ? ಕೇಕ್ ಯಾವಾಗ? ನಮ್ಮ ಊರು ಸೊಲ್ಲಾಪುರಕ್ಕೂ ಹೈದರಾಬಾದಿಗೂ ನಡುವೆ ಕೂತಿದೆ. ಒಂದೇ ಮಾಳಿಗೆ ಮೇಲೆ ಕನ್ನಡ, ದಖನಿ, ತೆಲುಗು, ಮರಾಠಿ ನಾಲ್ಕೂ ಕೇಳಿಸುತ್ತವೆ, ಲಂಬಾಣಿ ದೋಸ್ತರಿದ್ದರೆ ಐದು. ಬೆಂಗಳೂರಿನ ಪಬ್ಬಿನವರು ಇಂಟರ್‌ನೆಟ್‌ನಲ್ಲಿ ಹಾಕಿದ ಲಿಸ್ಟ್ ಇಳಿಸಿಕೊಂಡು ಬಂದರೆ ಇಲ್ಲಿ ಕಾಲು ಏಳಲ್ಲ. ಉತ್ತರ ಕರ್ನಾಟಕದ ಜಾನಪದ ಡಿಜೆ ಹಾಡು ಬರಲಿ ಅಂತ ಕಾಯುತ್ತಾ ಕೂತವರು ಕೂತೇ ಇರುತ್ತಾರೆ.

ಲೆಕ್ಕ ಸುಲಭ. ಮೂರು ಗಂಟೆಯ ಪಾರ್ಟಿಯಲ್ಲಿ ಒಂದು ಹಾಡಿಗೆ ಎರಡೂವರೆ ಮೂರು ನಿಮಿಷ ಅಂದರೆ 60ರಿಂದ 70 ಹಾಡು. ಕೈಯಲ್ಲಿ 120 ಇರಲಿ. ಸಾವಿರ ಹಾಡಿನ ಪೆನ್‌ಡ್ರೈವ್ ತಂದವನು ರಾತ್ರಿಯಿಡೀ ಹುಡುಕುತ್ತಾ ನಿಲ್ಲುತ್ತಾನೆ. ಎಲ್ಲಾ ಫೈಲ್ ಲ್ಯಾಪ್‌ಟಾಪ್‌ನಲ್ಲೇ ಇರಬೇಕು. ಹಾಡಿನ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿದ್ದು ಆ ಆ್ಯಪ್ ಬಿಟ್ಟು ಹೊರಗೆ ಬರಲ್ಲ, ಮಿಕ್ಸಿಂಗ್ ಸಾಫ್ಟ್‌ವೇರ್‌ಗೆ ಅದು ಸಿಗಲ್ಲ. ಇದನ್ನು ಪಾರ್ಟಿ ದಿನ ಸಂಜೆ ತಿಳಿದುಕೊಳ್ಳುವವರು ಬಹಳ ಜನ. ದುಡ್ಡು ಕೊಟ್ಟು ತಗೊಂಡ ಒಳ್ಳೆ ಫೈಲ್ ಇರಲಿ. ವಿಡಿಯೋದಿಂದ ಕಿತ್ತ ಹಾಡು ಫೋನಿನಲ್ಲಿ ಚೆನ್ನಾಗೇ ಕೇಳುತ್ತೆ, ದೊಡ್ಡ ಸ್ಪೀಕರ್ ಬಾಕ್ಸ್‌ಗೆ ಹಾಕಿದಾಗ ಬೇಸ್ ಪೊಳ್ಳಾಗುತ್ತೆ.

ಈಗ ನಾನು ಎಲ್ಲರಿಗೂ ಒತ್ತಿ ಹೇಳೋ ಮಾತು. ಇಡೀ ಸಂಜೆಗೆ ಒಂದೇ ಉದ್ದದ ಲಿಸ್ಟ್ ಮಾಡಬೇಡಿ. ನಾಲ್ಕೈದು ಹಾಡಿನ ಗೊಂಚಲು ಮಾಡಿ. ಕನ್ನಡ ಸಿನಿಮಾದ್ದು ಮೂರು ಗೊಂಚಲು, ಜಾನಪದದ್ದು ಎರಡು, ತೆಲುಗು ತೀನ್‌ಮಾರ್ (ಮೆರವಣಿಗೆಯ ಡೋಲಿನ ಏಟಿನ ಕುಣಿತದ ಹಾಡು) ಒಂದು, ತೊಂಬತ್ತರ ದಶಕದ ಹಿಂದಿ ಎರಡು, ಪಂಜಾಬಿ ಒಂದು, ಹೀಗೆ. ಗೊಂಚಲಿನ ಒಳಗೆ ಮಿಕ್ಸ್ ಮಾಡೋದು, ಅಂದರೆ ಒಂದು ಹಾಡು ಮುಗಿಯುವ ಮೊದಲೇ ಅದರ ಮೇಲೆ ಮುಂದಿನದನ್ನು ಕೂರಿಸೋದು, ಕಲಿಯಿರಿ. ಗೊಂಚಲಿನಿಂದ ಗೊಂಚಲಿಗೆ ಹೋಗುವಾಗ ಮಿಕ್ಸ್ ಮಾಡೋ ಹಟ ಬೇಡ, ಕತ್ತರಿಸಿ ಹೋಗಿ. ಯಾವ ಗೊಂಚಲು ಯಾವಾಗ ಅನ್ನೋದು ಅಲ್ಲಿನ ಜನರನ್ನು ನೋಡಿ ತೀರ್ಮಾನ ಮಾಡಿ.

ಗೊಂಚಲಿನ ಒಳಗೊಂದು ರೀತಿ, ಹೊರಗೊಂದು ರೀತಿ ಯಾಕೆ ಅಂದರೆ ಹಾಡಿನ ನಡೆ. ವಿದೇಶಿ ಕ್ಲಬ್ ಹಾಡುಗಳು ತಕಧಿಮಿ, ತಕಧಿಮಿ ಅಂತ ನಾಲ್ಕರ ಲೆಕ್ಕದಲ್ಲಿ ನಡೆಯುತ್ತವೆ. ನಿಮಿಷಕ್ಕೆ 120ರಿಂದ 128 ಬೀಟ್, ಶುರುವಿಗೂ ಕೊನೆಗೂ ಬರೀ ಬೀಟ್ ಇಟ್ಟಿರುತ್ತಾರೆ. ಅವನ್ನು ಒಂದರ ಮೇಲೊಂದು ಕೂರಿಸೋದು ಸುಲಭ. ನಮ್ಮ ಹಲಗೆ ಏಟಿನ ಹಾಡು, ತೀನ್‌ಮಾರ್ ಹಾಡು ಹೆಚ್ಚಾಗಿ ತಕಿಟ, ತಕಿಟ. ಮೂರರ ಮೇಲೆ ನಾಲ್ಕು ಕೂರಿಸೋಕೆ ಹೋದರೆ ಕುದುರೆ ಓಡೋ ಸದ್ದಾಗುತ್ತೆ, ಕುಣಿಯೋರ ಕಾಲು ತೊಡರುತ್ತೆ. ಸಾಫ್ಟ್‌ವೇರ್ ಕೂಡ ಇಂಥ ಹಾಡಿನ ವೇಗ ತಪ್ಪಾಗಿ ಅಳೆಯುತ್ತೆ. 90 ಇದ್ದದ್ದನ್ನು 135 ಅನ್ನುತ್ತೆ, ಇನ್ನು ಕೆಲವು ಹಾಡಿಗೆ 80 ಇದ್ದದ್ದನ್ನು 160 ಅನ್ನುತ್ತೆ. ಹಾಗಾಗಿ ಪ್ರತಿ ಹಾಡಿಗೂ ತೊಡೆ ಮೇಲೆ ತಾಳ ಹಾಕಿ ನೀವೇ ನೋಡಿ. ಪರದೆ ಮೇಲಿನ ಅಂಕಿ ನಿಮ್ಮ ಕೈಗೆ ಹೊಂದಬೇಕು. ಹಳೆಯ ಹಾಡುಗಳಲ್ಲಿ ವಾದ್ಯದವರು ಕೂತು ನುಡಿಸಿದ್ದು, ವೇಗ ಅಲ್ಲಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ. ಅಲ್ಲಿ ಎರಡು ಹಾಡಿನ ವೇಗ ತಾನೇ ಹೊಂದಿಸುವ ಸಿಂಕ್ ಬಟನ್ ನಂಬೋ ಹಾಗಿಲ್ಲ.

ನಮ್ಮ ಸಿನಿಮಾ ಹಾಡಿಗೆ ಇನ್ನೊಂದು ಗುಣ ಇದೆ. ಮೊದಲ 20 ಸೆಕೆಂಡ್ ಬರೀ ಆಲಾಪ, ಇಲ್ಲಾಂದ್ರೆ ಹೀರೋ ಡೈಲಾಗ್. ಆಮೇಲೆ ಪಲ್ಲವಿ, ಮ್ಯೂಸಿಕ್, ಚರಣ, ಮತ್ತೆ ಪಲ್ಲವಿ, ಮತ್ತೆ ಮ್ಯೂಸಿಕ್, ಎರಡನೇ ಚರಣ. ಜನಕ್ಕೆ ಬಾಯಿಪಾಠ ಇರೋದು ಪಲ್ಲವಿ ಮತ್ತು ಮೊದಲ ಚರಣ. ಎರಡನೇ ಚರಣ ಶುರುವಾದಾಗ ಸುಮ್ನೆ ಫ್ಲೋರ್ ಕಡೆ ನೋಡಿ, ನಾಲ್ಕು ಜನ ನೀರು ಕುಡಿಯೋಕೆ ಹೊರಟಿರುತ್ತಾರೆ. ಅದಕ್ಕೇ ಪ್ರತಿ ಹಾಡಿಗೂ ಎರಡು ಗುರುತು ಹಾಕಿ. ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಹಾಟ್ ಕ್ಯೂ ಅಂತಾರೆ. ಒಂದು ಗುರುತು ಬೀಟ್ ಶುರುವಾಗುವ ಜಾಗಕ್ಕೆ, ಇನ್ನೊಂದು ಮೊದಲ ಚರಣ ಮುಗಿದು ಪಲ್ಲವಿ ಮತ್ತೆ ಬಂದು ನಿಲ್ಲುವ ಜಾಗಕ್ಕೆ. ಒಳಗೆ ಬರುವ ಬಾಗಿಲು, ಹೊರಗೆ ಹೋಗುವ ಬಾಗಿಲು. ಹೊರಗಿನ ಗುರುತು ಬಂದಾಗ ಪಲ್ಲವಿಯ ಕೊನೆ ಪದಕ್ಕೆ ಎಕೋ (ಪ್ರತಿಧ್ವನಿ) ಬಟನ್ ಒತ್ತಿ, ಅದು ಕರಗುತ್ತಿರುವಾಗಲೇ ಮುಂದಿನ ಹಾಡನ್ನು ಅದರ ಮೊದಲ ಗುರುತಿನಿಂದ ಬಿಡಿ. ಇದೊಂದು ಪಟ್ಟು ಕೈಗೆ ಕೂತರೆ ಗೊಂಚಲು ದಾಟೋದು ಕಷ್ಟವಿಲ್ಲ. 120 ಹಾಡಿಗೆ ಗುರುತು ಹಾಕೋದು ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಅಷ್ಟು ಮಾಡಿದವನಿಗೆ ಹಾಡು ಒಳಗೂ ಹೊರಗೂ ಗೊತ್ತಿರುತ್ತೆ, ರಾತ್ರಿ ಪರದೆ ನೋಡೋ ಬದಲು ಜನರನ್ನು ನೋಡೋಕೆ ಬಿಡುವು ಸಿಗುತ್ತೆ.

ಗೊಂಚಲಿನ ಒಳಗಿನ ಮಿಕ್ಸ್‌ಗೆ ಎರಡು ಮಾತು ಸಾಕು. ವೇಗದ ಅಂತರ ನೂರಕ್ಕೆ ಐದರ ಒಳಗಿರಲಿ: 100ರ ಹಾಡಿಗೆ 104 ಹೊಂದುತ್ತೆ, 118 ಹೊಂದಲ್ಲ. ಎರಡು ಹಾಡಿನ ಬೇಸ್ ಒಟ್ಟಿಗೆ ಬಿಡಬೇಡಿ. ಹೊಸದನ್ನು ಬೇಸ್ ಪೂರ್ತಿ ಇಳಿಸಿ ಒಳಗೆ ತನ್ನಿ, ಹಳೆಯದರ ಬೇಸ್ ಇಳಿಸುವಾಗ ಹೊಸದರದ್ದು ಏರಿಸಿ.

ಸೌಂಡ್ ವಿಷಯಕ್ಕೆ ಬಾಕ್ಸ್ ತರುವ ಅಣ್ಣನ ಜೊತೆ ಮೊದಲೇ ಮಾತಾಡಿ. ಅವರ ಮಿಕ್ಸರ್‌ಗೆ ಯಾವ ಪಿನ್ ಬೇಕು ಅಂತ ಕೇಳಿ. ಚಿಕ್ಕ ಕಂಟ್ರೋಲರ್‌ನಿಂದ ಹೊರಡೋದು ಆರ್‌ಸಿಎ, ಕೆಂಪು ಬಿಳಿ ಪಿನ್. ಅವರ ಕಡೆ ಇರೋದು ಸಾಮಾನ್ಯವಾಗಿ ದಪ್ಪ ಪಿ-38, ಅಂದರೆ ಕಾಲು ಇಂಚಿನ ಪಿನ್. ಎರಡನ್ನೂ ಜೋಡಿಸುವ ಕೇಬಲ್ ನೀವೇ ತಗೊಂಡು ಹೋಗಿ, ಒಂದಲ್ಲ ಎರಡು. ಸದ್ದಿನ ಮಟ್ಟ ತೋರಿಸುವ ಮೀಟರ್ ಕೆಂಪಿಗೆ ಹೋಗದ ಹಾಗೆ ನೋಡಿಕೊಳ್ಳಿ. ಸದ್ದು ಸಾಲದಿದ್ದರೆ ನಿಮ್ಮ ಕಡೆಯಿಂದ ಏರಿಸದೆ ಅಣ್ಣನಿಗೆ ಹೇಳಿ, ಕೆಂಪಿನಲ್ಲಿ ಒಡೆದ ಸೌಂಡ್ ಆಂಪ್ಲಿಫೈಯರ್ ದಾಟಿದ ಮೇಲೆ ರಿಪೇರಿ ಆಗಲ್ಲ. ನಮ್ಮ ಕಡೆ ಮನೆ, ಹಾಲ್ ಎಲ್ಲಾ ಶಹಾಬಾದ್ ಪರಸಿ ಕಲ್ಲಿನ ನೆಲ, ಬೋಳು ಗೋಡೆ. ಖಾಲಿ ಹಾಲಿನಲ್ಲಿ ಬೇಸ್ ಗುಂಯ್ ಅನ್ನುತ್ತೆ. ಜನ ತುಂಬಿದ ಮೇಲೆ ಅದು ತಾನೇ ಸ್ವಲ್ಪ ಇಳಿಯುತ್ತೆ, ಆದ್ದರಿಂದ ಸಂಜೆ ಚೆಕ್ ಮಾಡಿದ್ದನ್ನೇ ಕೊನೆ ಅಂದುಕೊಳ್ಳಬೇಡಿ.

ಬೇಸಿಗೆ ಪಾರ್ಟಿ ಆದರೆ ಇನ್ನೊಂದು ಕಾಟ. ಮೇ ತಿಂಗಳಲ್ಲಿ ಹಗಲು 40 ಡಿಗ್ರಿ ದಾಟಿರುತ್ತೆ, ಕತ್ತಲಾದ ಮೇಲೂ ಮಾಳಿಗೆ ಕಾದೇ ಇರುತ್ತೆ. ಲ್ಯಾಪ್‌ಟಾಪ್ ಅನ್ನು ಶಾಮಿಯಾನದವರು ಟೇಬಲ್‌ಗೆ ಸುತ್ತಿದ ದಪ್ಪ ಬಟ್ಟೆ ಮೇಲೆ ಇಟ್ಟರೆ ಕೆಳಗಿನ ಗಾಳಿ ಕಿಂಡಿ ಮುಚ್ಚಿಹೋಗುತ್ತೆ. ಎರಡು ಮರದ ತುಂಡು ಕೊಟ್ಟು ಎತ್ತರಿಸಿ. ಕರೆಂಟ್ ಹೋದರೆ ಬ್ಯಾಟರಿ ಮೇಲೆ ಲ್ಯಾಪ್‌ಟಾಪ್ ನಡೆಯುತ್ತಲೇ ಇರುತ್ತೆ, ಬಾಕ್ಸ್ ಮಾತ್ರ ಸತ್ತಿರುತ್ತೆ. ಕರೆಂಟ್ ಬರುವ ಮೊದಲು ಮಾಸ್ಟರ್ ವಾಲ್ಯೂಮ್ ಇಳಿಸಿ, ಆಂಪ್ಲಿಫೈಯರ್ ಸ್ವಿಚ್ ಆಫ್ ಮಾಡಿಸಿ. ಇಲ್ಲಾಂದ್ರೆ ಕರೆಂಟ್ ಬಂದ ಕೂಡಲೇ ಧಡ್ ಅಂತ ಬಡಿಯೋ ಸದ್ದಿಗೆ ಸ್ಪೀಕರ್ ಹೋಗಬಹುದು. ವೈಫೈ, ಅಪ್‌ಡೇಟ್, ನೋಟಿಫಿಕೇಶನ್, ಸ್ಕ್ರೀನ್ ಮಲಗೋದು, ಎಲ್ಲಾ ಬಂದ್.

"ಅಣ್ಣಾ, ನಮ್ಮದೊಂದು ಹಚ್ರಿ" ಅಂತ ಫೋನ್ ಹಿಡಿದು ಬರೋರು ಬಂದೇ ಬರ್ತಾರೆ. ಅವರ ಫೋನ್‌ಗೆ ಕೇಬಲ್ ಕೊಡಬೇಡಿ. ಹಾಡಿನ ಹೆಸರು ಕೇಳಿ, ನಿಮ್ಮ ಹತ್ತಿರ ಇದ್ದರೆ ಅದು ಹೊಂದುವ ಗೊಂಚಲಿನಲ್ಲಿ ಹಾಕ್ತೀನಿ ಅನ್ನಿ, ಹಾಕಿ. ಮನೆಯ ಹಿರಿಯರು ಕೇಳಿದರೆ ಮಾತ್ರ ಕಾಯಿಸಬೇಡಿ. ಕಾಕು ಕುಣಿಯೋಕೆ ಎದ್ದರೆ ಅವರ ಹಿಂದೆ ಹತ್ತು ಜನ ಏಳುತ್ತಾರೆ, ಅದಕ್ಕೆ ಯಾವ ಮಿಕ್ಸಿಂಗೂ ಸಮ ಅಲ್ಲ.

ಕೊನೆಗೆ ಹೊತ್ತು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ, ಮಾಳಿಗೆ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಹಾಲಿಗೆ ವಿನಾಯಿತಿ ಇದೆ, ಆದರೆ ಆ ಸದ್ದು ಒಳಗೇ ಇರಬೇಕು. ಹಗಲಲ್ಲೂ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಅನುಮತಿ ತರೋದು ದೋಸ್ತನ ಕೆಲಸ, ತಂದಿದ್ದಾನಾ ಅಂತ ಕೇಳೋದು ನಿಮ್ಮದು. ನಿಮಗೆ ಗಟ್ಟಿ ಅನ್ನಿಸಿದ ಗೊಂಚಲನ್ನು 9:40ಕ್ಕೆ ಶುರು ಮಾಡಿ, ಹತ್ತಕ್ಕೆ ಮುಂಚೆ ಮುಗಿಸಿ. "ಇನ್ನೊಂದೇ ಹಾಡು" ಅಂತ ಕೂಗ್ತಾರೆ, ಕೂಗಲಿ. ಆಫ್ ಮಾಡುವಾಗ ಮೊದಲು ಆಂಪ್ಲಿಫೈಯರ್, ಆಮೇಲೆ ನಿಮ್ಮ ಸಾಮಾನು. ಕೇಬಲ್ ಸುತ್ತುವಾಗ ಸೌಂಡ್ ಅಣ್ಣನದು ಯಾವುದು, ನಿಮ್ಮದು ಯಾವುದು ಅಂತ ಅಲ್ಲೇ ನೋಡಿ ಬೇರೆ ಮಾಡಿ. ನಿಮ್ಮ ಪಿನ್‌ಗೆ ಒಂದು ಬಣ್ಣದ ಟೇಪ್ ಸುತ್ತಿಟ್ಟಿದ್ದರೆ ಕತ್ತಲಲ್ಲೂ ಗುರುತು ಸಿಗುತ್ತೆ.