ಮೂರು ದಿನಕ್ಕೆ ಬಿಸಿನೆಸ್ ಕ್ಲಾಸ್ ಯಾಕೆ ಅಂತ ಕೇಳುವವರಿಗೆ

ಇನ್ನು ಮೇಲೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ಜನವರಿಯಲ್ಲಿ ನಾನು, ನಮ್ಮನೆಯವರು ಸಿಂಗಾಪುರಕ್ಕೆ ಹೋಗಿ ಬಂದೆವು. ಗುರುವಾರ ರಾತ್ರಿ ಹೊರಟು ಭಾನುವಾರ ರಾತ್ರಿ ಬೆಂಗಳೂರಿಗೆ ವಾಪಸ್. ಹೋಗುವಾಗ, ಬರುವಾಗ ಎರಡೂ ಬಿಸಿನೆಸ್ ಕ್ಲಾಸ್. ಇಷ್ಟು ಹೇಳಿದ ತಕ್ಷಣ ಬರುವ ಪ್ರಶ್ನೆ ಒಂದೇ. "ಬರೀ ಮೂರು ದಿನಕ್ಕೆ ಬಿಸಿನೆಸ್ ಕ್ಲಾಸಾ? ಯಾಕೆ? ಎಷ್ಟಾಯ್ತು?"

ಎಷ್ಟಾಯ್ತು ಅನ್ನುವುದನ್ನು ಮೊದಲು ಮುಗಿಸುತ್ತೇನೆ, ಯಾಕಂದರೆ ಅದನ್ನು ಹೇಳುವವರೆಗೆ ಯಾರೂ ಬೇರೆ ಮಾತು ಕೇಳಿಸಿಕೊಳ್ಳುವುದಿಲ್ಲ. ಟಿಕೆಟ್ ತೆಗೆದದ್ದು ಕ್ರೆಡಿಟ್ ಕಾರ್ಡಿನ ಪಾಯಿಂಟ್‌ಗಳಿಂದ. ಪಾಯಿಂಟ್‌ಗಳನ್ನು ವಿಮಾನ ಕಂಪನಿಯ ಮೈಲ್ಸ್ ಆಗಿ ಬದಲಾಯಿಸಿಕೊಂಡು, ಮೈಲ್ಸ್ ಕೊಟ್ಟು ಸೀಟು ತೆಗೆಯುವುದು. ಹಾಗಂತ ಪೂರ್ತಿ ಪುಕ್ಕಟೆ ಅಲ್ಲ. ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ಎಲ್ಲ ಕೈಯಿಂದಲೇ ಕಟ್ಟಬೇಕು, ಕಟ್ಟಿದೆವು. ದುಡ್ಡು ಕೊಟ್ಟು ಕೊಳ್ಳುವುದಾಗಿದ್ದರೆ ಖಂಡಿತ ಹೋಗುತ್ತಿರಲಿಲ್ಲ. ಈಗ ಎಕಾನಮಿ ಟಿಕೆಟ್ಟಿಗೆ ಜಿಎಸ್‌ಟಿ 5 ಪರ್ಸೆಂಟ್, ಬಿಸಿನೆಸ್ ಕ್ಲಾಸಿಗೆ 18. ಆ ತೆರಿಗೆಯ ವ್ಯತ್ಯಾಸದಲ್ಲೇ ನಮ್ಮನೆಯ ಒಂದು ತಿಂಗಳ ದಿನಸಿ ಬರುತ್ತದೆ.

ಇದನ್ನು ಹೇಳಿದರೆ ಕೆಲವರು ಸುಮ್ಮನಾಗುತ್ತಾರೆ. ಕೆಲವರು ಅಲ್ಲಿಂದಲೇ ಶುರು ಮಾಡುತ್ತಾರೆ. ನನ್ನ ತಮ್ಮನ ಮಗ ಲೆಕ್ಕದಲ್ಲಿ ಗಟ್ಟಿ. "ಅತ್ತೆ, ಅಷ್ಟೇ ಪಾಯಿಂಟ್‌ನಲ್ಲಿ ಎಕಾನಮಿಯಲ್ಲಿ ಎರಡು ಸಲ ಹೋಗಿ ಬರಬಹುದಿತ್ತು" ಅಂದ. ಇರಬಹುದು ಕಣೋ. ಆದರೆ ಎರಡನೇ ಸಲ ಯಾವಾಗ ಹೋಗಬೇಕಿತ್ತು, ಅದನ್ನೂ ಸ್ವಲ್ಪ ಲೆಕ್ಕ ಹಾಕಿ ಹೇಳು.

ಇನ್ನೊಂದು ವಾದ, "ನಾಲ್ಕೂವರೆ ಗಂಟೆ ಪ್ರಯಾಣ ಅಷ್ಟೇ ಅಲ್ವಾ?" ಅನ್ನುವುದು. ಹೌದು, ಅಷ್ಟೇ. ಅದಕ್ಕೇ. ರಾತ್ರಿ ಹನ್ನೊಂದರ ವಿಮಾನ, ಇಳಿಯುವಾಗ ಅಲ್ಲಿ ಬೆಳಿಗ್ಗೆ ಆರು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ, ಅಂದರೆ ಇರುವ ಒಂದು ರಾತ್ರಿಯಲ್ಲೂ ಎರಡೂವರೆ ಗಂಟೆ ಅದೇ ತಿಂದುಬಿಡುತ್ತದೆ. ಬಿಸಿನೆಸ್ ಕ್ಲಾಸಿನಲ್ಲಿ ಮಲಗಿ ಹೋಗಬಹುದು. ಎಕಾನಮಿಯಲ್ಲಿ ಕೂತೇ ಹೋದರೆ ಮೊದಲ ದಿನ ಹೋಟೆಲ್ ರೂಮಿನಲ್ಲಿ ಮಂಪರು. ಹದಿನೈದು ದಿನದ ಪ್ರವಾಸದಲ್ಲಿ ಒಂದು ದಿನ ಹಾಗೆ ಹೋದರೆ ತಡೆದುಕೊಳ್ಳಬಹುದು. ಮೂರೇ ದಿನ ಇದ್ದಾಗ ಆಗುವುದಿಲ್ಲ.

ಈ ಉತ್ತರ ಸುಳ್ಳಲ್ಲ. ಆದರೆ ಇದು ಮರ್ಯಾದೆಗೆ ಕೊಡುವ ಉತ್ತರ. ನಿಜವಾದದ್ದು ಬೇರೆ ಇದೆ, ಅದನ್ನು ಏಪ್ರಿಲ್‌ನಲ್ಲಿ ಪುತ್ತೂರಿನ ಒಂದು ಮದುವೆಯಲ್ಲಿ ಹೇಳಿಯೂ ಬಿಟ್ಟೆ. ಯಾರಿಗೂ ಗೊತ್ತಾಗಲಿಲ್ಲ.

ನಮ್ಮನೆಯವರ ಊರು ಸುಳ್ಯದ ಕಡೆ, ನಾನು ಬೆಂಗಳೂರಿನವಳು. ಮದುವೆ ಅವರ ಕಡೆಯದು. ಎರಡನೇ ಪಂಕ್ತಿಯಲ್ಲಿ ಕೂತಿದ್ದೆವು. ಹೋಳಿಗೆ ಬಡಿಸಿ ಹೋಗಿದ್ದರು, ಕಾಯಿಹಾಲಿನವರು ಇನ್ನೂ ನಾಲ್ಕು ಎಲೆ ಆಚೆ ಇದ್ದರು. ಆಗ ಎದುರು ಸಾಲಿನಿಂದ ನಮ್ಮನೆಯವರ ಚಿಕ್ಕಮ್ಮ, ಇಡೀ ಸಾಲಿಗೆ ಕೇಳುವ ಹಾಗೆ, "ಅಲ್ಲ ಮಾರಾಯ್ತಿ, ಮೂರು ದಿನಕ್ಕೆ ಎಂತಕ್ಕೆ ಅಷ್ಟು ದುಡ್ಡು ಸುರಿದದ್ದು? ಸೀಟು ಮಂಚದ ಹಾಗೆ ಉಂಟಂತೆ?" ಅಂದರು.

ಸುರಿದದ್ದು. ಆ ಪದವೇ ನನಗೆ ಆಗಲಿಲ್ಲ. ಮಗನ ಮದುವೆಗೆ ಖರ್ಚು ಮಾಡಿದರೆ 'ಹಾಕಿದರು' ಅನ್ನುತ್ತಾರೆ, ಮನೆ ಕಟ್ಟಿದರೂ 'ಹಾಕಿದರು'. ಗಂಡ ಹೆಂಡತಿ ಇಬ್ಬರೇ ಎಲ್ಲಿಗಾದರೂ ಹೋಗಿ ಬಂದರೆ ಮಾತ್ರ 'ಸುರಿದರು'. ಅದೂ ಐವತ್ತು ದಾಟಿದ ಗಂಡ ಹೆಂಡತಿ, ಮಕ್ಕಳನ್ನೂ ಕರೆದುಕೊಳ್ಳದೆ. ಆ ಮಾತಿನ ಹಿಂದೆ ಇನ್ನೊಂದು ಮಾತು ಇತ್ತು, ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಹೋದವಳು.

ನಾನು ಹೇಳಿದೆ, "ಹೌದು ಚಿಕ್ಕಮ್ಮ, ಮಲಗೋಕೇ ಹೋಗಿದ್ದು."

ಇಡೀ ಸಾಲು ನಕ್ಕಿತು. ಪಕ್ಕದವರಿಗೆ ಕೆಮ್ಮು ಹತ್ತಿತು. ಕಾಯಿಹಾಲಿನವರು ಬಂದರು, ಮಾತು ಬೇರೆ ಕಡೆ ಹೋಯಿತು. ನಾನು ತಮಾಷೆ ಮಾಡಿರಲಿಲ್ಲ.

ಅತ್ತೆಗೆ ಸ್ಟ್ರೋಕ್ ಆಗಿ ನಾಲ್ಕು ವರ್ಷ. ಬಲಗಡೆ ಪೂರ್ತಿ ಬಿದ್ದುಹೋಗಿದೆ. ಮಾತು ಒಂದೋ ಎರಡೋ ಪದ ಬರುತ್ತದೆ, ಅದೂ ಅವರಿಗೆ ಬೇಕೆಂದಾಗ ಬರುವುದಿಲ್ಲ. ಹಗಲಿಗೆ ಒಬ್ಬರು ಆಯಾ ಇದ್ದಾರೆ. ರಾತ್ರಿಗೆ ಇಟ್ಟವರು ಯಾರೂ ನಿಲ್ಲಲಿಲ್ಲ. ಹಾಗಾಗಿ ರಾತ್ರಿ ನಮ್ಮಿಬ್ಬರದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಹನ್ನೆರಡಕ್ಕೆ ನಮ್ಮನೆಯವರು, ಎರಡಕ್ಕೆ ನಾನು, ನಾಲ್ಕಕ್ಕೆ ಅವರು, ಆರಕ್ಕೆ ಮತ್ತೆ ನಾನು.

ಎರಡು ಗಂಟೆಯ ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ. ಲೈಟ್ ಹಾಕುವ ಹಾಗಿಲ್ಲ, ಹಾಕಿದರೆ ಅವರಿಗೆ ಮತ್ತೆ ನಿದ್ದೆ ಹತ್ತುವುದಿಲ್ಲ. ಮೊಬೈಲ್ ಟಾರ್ಚನ್ನು ಗೋಡೆ ಕಡೆ ತಿರುಗಿಸಿ ಇಡುತ್ತೇನೆ. ಒಂದು ಕೈ ಭುಜದ ಕೆಳಗೆ, ಒಂದು ಕೈ ಸೊಂಟದ ಕೆಳಗೆ ಕೊಟ್ಟು ನನ್ನ ಕಡೆಗೆ ಹೊರಳಿಸಿ, ಬೆನ್ನಿಗೆ ಒಂದು ದಿಂಬು, ಮೊಣಕಾಲುಗಳ ಮಧ್ಯೆ ಇನ್ನೊಂದು. ಆಮೇಲೆ ಹಿಮ್ಮಡಿ ನೋಡಬೇಕು. ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ಬಿಡಬೇಕು. ಒತ್ತಿದ ಜಾಗ ಒಂದು ಕ್ಷಣ ಬೆಳ್ಳಗಾಗಿ ಮತ್ತೆ ಕೆಂಪಾದರೆ ಸದ್ಯಕ್ಕೆ ಪರವಾಗಿಲ್ಲ. ಬೆಳ್ಳಗಾಗದೆ ಹಾಗೇ ಕೆಂಪಗೇ ಇದ್ದರೆ ಹುಣ್ಣು ಶುರುವಾಗುತ್ತಿದೆ ಅಂತ ಅರ್ಥ. ನಾಲ್ಕು ವರ್ಷದಲ್ಲಿ ನಮ್ಮ ಅತ್ತೆಗೆ ಒಂದು ಹುಣ್ಣೂ ಆಗಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಆದರೆ ಇದರ ಇನ್ನೊಂದು ಅರ್ಥ ಏನು ಗೊತ್ತಾ? ನಾಲ್ಕು ವರ್ಷದಿಂದ ನಾವಿಬ್ಬರೂ ಒಂದೇ ಹೊತ್ತಿಗೆ ನೆಮ್ಮದಿಯಾಗಿ ಮಲಗಿಲ್ಲ. ಒಬ್ಬರು ಮಲಗಿದರೆ ಒಬ್ಬರ ಕಿವಿ ಎದ್ದಿರುತ್ತದೆ. ಜಗಳ ಆಡಲೂ ಆಗುವುದಿಲ್ಲ, ಅಷ್ಟು ಸುಸ್ತು.

ಇನ್ನು ಪಾಯಿಂಟ್‌ಗಳು. ಅವು ಎಲ್ಲಿಂದ ಬಂದವು ಅಂತ ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ. ಐಸಿಯು ಬಿಲ್ಲಿನಲ್ಲಿ ಇನ್ಶೂರೆನ್ಸ್ ಕೊಡದೆ ಉಳಿಸಿದ ಭಾಗ. ಏರ್ ಬೆಡ್. ಫಿಸಿಯೋಥೆರಪಿ. ಪ್ರತಿ ತಿಂಗಳ ಡೈಪರ್, ಔಷಧಿ. ಎಲ್ಲ ಆ ಒಂದು ಕಾರ್ಡಿನಲ್ಲಿ. ಸಂಬಳ ಬಂದ ದಿನ ಕಾರ್ಡಿನ ಬಾಕಿ ಕಟ್ಟುವುದು, ಮತ್ತೆ ಉಜ್ಜುವುದು. ಪಾಯಿಂಟ್ ಬೆಳೆಯುತ್ತಿದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಮಗಳು ಒಂದು ದಿನ ನೋಡಿ ಹೇಳಿದಳು, ಅವಳೇ ಕೂತು ಮೈಲ್ಸ್ ಆಗಿ ಬದಲಾಯಿಸಿದಳು. ಒಮ್ಮೆ ಬದಲಾಯಿಸಿದರೆ ವಾಪಸ್ ಕಾರ್ಡಿಗೆ ಬರುವುದಿಲ್ಲ, ನಮ್ಮ ಮೈಲ್ಸಿಗೆ ಮೂರು ವರ್ಷದ ಅವಧಿ ಬೇರೆ. ಪಾಯಿಂಟ್‌ಗೆ ಕೊಡುವ ಸೀಟು ಒಂದು ವಿಮಾನದಲ್ಲಿ ಕೆಲವೇ ಇರುತ್ತವೆ, ಅದು ಸಿಗುವ ದಿನ ಮತ್ತು ಪುತ್ತೂರಿನಿಂದ ನನ್ನ ನಾದಿನಿ ಬಂದು ಅವರ ಅಮ್ಮನ ಹತ್ತಿರ ಇರಬಲ್ಲ ದಿನ, ಎರಡೂ ಕೂಡಿ ಬರಬೇಕಿತ್ತು. ಕೂಡಿ ಬಂದದ್ದು ಆ ಗುರುವಾರದಿಂದ ಭಾನುವಾರದವರೆಗೆ. ಮೂರು ದಿನ ಯಾಕೆ ಅಂದರೆ, ಅವಳಿಗೆ ಸಿಕ್ಕ ರಜೆ ಅಷ್ಟು.

ಹಾಗಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ಎಷ್ಟಾಯ್ತು ಅನ್ನುವುದಲ್ಲ. "ನಿದ್ದೆ ಬಂತಾ?" ಅಂತ ಕೇಳಿ. ಅದನ್ನು ಕೇಳಿದರೆ ಎಷ್ಟು ಹೊತ್ತು ಬೇಕಾದರೂ ಹೇಳುತ್ತೇನೆ.

ಊಟ ಬೆಂಗಳೂರು ಏರ್‌ಪೋರ್ಟ್ ಟರ್ಮಿನಲ್ 2ರ ಲಾಂಜಿನಲ್ಲೇ ಮುಗಿಸಿಕೊಂಡೆವು, ಅನ್ನ ಸಾರು ಇತ್ತು. ವಿಮಾನದಲ್ಲಿ ಊಟಕ್ಕೆ ಕೂತರೆ ನಿದ್ದೆಯಲ್ಲಿ ಒಂದು ಗಂಟೆ ಹೋಯಿತು ಅಂತ ಮಗಳು ಹೇಳಿದ್ದಳು. ಬಾಗಿಲು ಹಾಕುವ ಮುಂಚೆ ನಾದಿನಿಗೆ ಫೋನ್ ಮಾಡಿದೆ. ದಿಂಬು ಎಲ್ಲಿಡಬೇಕು ಅಂತ ಮೂರನೇ ಸಲ ಹೇಳುತ್ತಿದ್ದೆ, "ಅತ್ತಿಗೆ, ಅವರು ನನ್ನ ಅಮ್ಮ. ನೀವು ಫೋನ್ ಇಡಿ" ಅಂದಳು. ಇಟ್ಟೆ.

ಮಧ್ಯದ ಎರಡು ಸೀಟು ನಮ್ಮದು. ನಡುವಿನ ತಡೆ ಕೆಳಗಿಳಿಸಿದರೆ ಪಕ್ಕದವರ ಮುಖ ಕಾಣುತ್ತದೆ. ಸೀಟು ಪೂರ್ತಿ ಚಪ್ಪಟೆಯಾಗುತ್ತದೆ, ಹೊದೆಯಲು ಕೊಡುತ್ತಾರೆ. ಇವರು ಮಲಗಿದ ಐದೇ ನಿಮಿಷಕ್ಕೆ ಗೊರಕೆ. ನಾಲ್ಕು ವರ್ಷದಲ್ಲಿ ಆ ಗೊರಕೆಯನ್ನು ಪಕ್ಕದಲ್ಲಿ ಮಲಗಿಕೊಂಡು, ಮುಂದಿನ ಸರದಿ ಯಾರದು ಅಂತ ಯೋಚಿಸದೆ ಕೇಳಿದ್ದು ಅದೇ ಮೊದಲು. ನಾನೂ ಯಾವಾಗ ಮಲಗಿದೆನೋ ಗೊತ್ತಿಲ್ಲ.

ಎಚ್ಚರವಾಯಿತು. ಕೈ ತಾನಾಗಿ ಟಾರ್ಚ್ ಹುಡುಕುತ್ತಿತ್ತು. ಮೊಬೈಲ್ ನೋಡಿದರೆ ಗಡಿಯಾರ ಇನ್ನೂ ನಮ್ಮೂರಿನದೇ, ಎರಡು ಗಂಟೆ. ಎದ್ದು ಕೂತೆ. ಎಲ್ಲಿಗೆ ಹೋಗುವುದು? ಕತ್ತಲೆ, ವಿಮಾನದ ಶಬ್ದ, ಪಕ್ಕದಲ್ಲಿ ಇವರು ಬಾಯಿ ತೆರೆದು ಮಲಗಿದ್ದರು. ಯಾರೂ ನನಗಾಗಿ ಕಾಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಅಳು ಬಂತು, ಯಾಕೆ ಅಂತ ಕೇಳಬೇಡಿ. ಆಮೇಲೆ ಹೊದ್ದುಕೊಂಡು ಮತ್ತೆ ಮಲಗಿದೆ. ಮತ್ತೆ ಮಲಗಿದೆ ಅನ್ನುವುದನ್ನು ಇನ್ನೊಂದು ಸಲ ಓದಿಕೊಳ್ಳಿ, ಚಿಕ್ಕಮ್ಮನಿಗೆ ಹೇಳಬೇಕಾದ ಉತ್ತರ ಅದೇ ಆಗಿತ್ತು.

ಇಳಿದು ಫೋನ್ ಆನ್ ಮಾಡಿದಾಗ ನಾದಿನಿಯ ಮೆಸೇಜ್ ಇತ್ತು. "ಎರಡಕ್ಕೆ ಮಗ್ಗುಲು ಬದಲಿಸಿದೆ. ಹಿಮ್ಮಡಿ ಸರಿ ಇದೆ."

ಸಿಂಗಾಪುರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಊರು ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ನಮ್ಮ ಬೆಂಗಳೂರಿನಷ್ಟೇ, ಎಲ್ಲಿಗೆ ಬೇಕಾದರೂ ಮೆಟ್ರೋ ಇದೆ, ಮೂರು ದಿನ ಸಾಕು. ಹೋಟೆಲ್ ಸಾಧಾರಣದ್ದು, ಲಿಟಲ್ ಇಂಡಿಯಾ ಹತ್ತಿರ. ಸೆರಂಗೂನ್ ರಸ್ತೆಯ ಕೋಮಲ ವಿಲಾಸದಲ್ಲಿ ತಿಂಡಿ, 1947ರಿಂದ ಇರುವ ಹೋಟೆಲು ಅದು. ಏರ್‌ಪೋರ್ಟ್ ಪಕ್ಕದ ಜ್ಯುವೆಲ್ ಅನ್ನುವ ಮಾಲ್‌ನಲ್ಲಿ ಚಾವಣಿಯಿಂದ 40 ಮೀಟರ್ ಕೆಳಕ್ಕೆ ಬೀಳುವ ಜಲಪಾತ ನೋಡಿದೆವು. ಎರಡು ರಾತ್ರಿ ಗಡದ್ದಾಗಿ ನಿದ್ದೆ ಮಾಡಿದೆವು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಎದ್ದೆವು, ಒಂಬತ್ತಕ್ಕೆ!

ಇವರಿಗೆ ಇಷ್ಟವಾದದ್ದು ಬೊಟಾನಿಕ್ ಗಾರ್ಡನ್. 1859ರ ತೋಟ, 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್, ಉಳಿದದ್ದು ಪುಕ್ಕಟೆ. ಎಲ್ಲರೂ ಆರ್ಕಿಡ್ ಕಡೆ ಹೋದರೆ ಇವರು ಒಂದು ರಬ್ಬರ್ ಮರದ ಮುಂದೆ ನಿಂತರು. ಇವರ ಮನೆಯಲ್ಲಿ ಇನ್ನೂರು ರಬ್ಬರ್ ಮರ ಇತ್ತು. ಅತ್ತೆ ಬೆಳಕು ಹರಿಯುವ ಮುಂಚೆ ತಲೆಗೆ ಟಾರ್ಚ್ ಕಟ್ಟಿಕೊಂಡು ಹೋಗಿ ಟ್ಯಾಪಿಂಗ್, ಅಂದರೆ ತೊಗಟೆ ಗೀರಿ ಹಾಲು ಇಳಿಸುವ ಕೆಲಸ, ಮಾಡುತ್ತಿದ್ದರಂತೆ, ಮರಕ್ಕೆ ಕಟ್ಟಿದ ತೆಂಗಿನ ಗೆರಟೆಯಲ್ಲಿ ತುಂಬಿದ ಹಾಲು ತಂದು ಶೀಟ್ ಮಾಡುವುದೂ ಅವರೇ. ಬ್ರೆಜಿಲ್ ಮೂಲದ ಈ ಮರದ 22 ಸಸಿ ಲಂಡನ್ನಿನ ಕ್ಯೂ ತೋಟದಿಂದ ಸಿಂಗಾಪುರಕ್ಕೆ ಬಂದದ್ದು 1877ರಲ್ಲಿ. ಮರ ಸಾಯದ ಹಾಗೆ ತೊಗಟೆ ಗೀರಿ ಹಾಲು ತೆಗೆಯುವ ಕ್ರಮವನ್ನು ಇದೇ ತೋಟದ ನಿರ್ದೇಶಕರಾಗಿದ್ದ ರಿಡ್ಲಿ ಅನ್ನುವವರು 1890ರ ದಶಕದಲ್ಲಿ ಕಂಡುಕೊಂಡರು. ರಬ್ಬರ್ ಬೆಳೆಸಿ ಅಂತ ಕಂಡವರಿಗೆಲ್ಲ ಬೀಜ ಕೊಡುತ್ತಿದ್ದರಂತೆ, ಜನ ಅವರನ್ನು ಹುಚ್ಚು ರಿಡ್ಲಿ ಅನ್ನುತ್ತಿದ್ದರು. ಇದೆಲ್ಲ ಓದಿ ಇವರು, "ಅಮ್ಮನಿಗೆ ಹೇಳಬೇಕು" ಅಂದರು. ಮರದ ಫೋಟೋ ಐದಾರು ತೆಗೆದರು, ತೊಗಟೆಯದ್ದು ಹತ್ತಿರದಿಂದ ಒಂದು.

ಬರುವಾಗಿನ ಬಿಸಿನೆಸ್ ಕ್ಲಾಸಿನಲ್ಲಿ ನಾನು ಮಲಗಲೇ ಇಲ್ಲ. ಮನೆ ಹತ್ತಿರವಾಗುತ್ತಿತ್ತಲ್ಲ.

ಮನೆಗೆ ಬಂದಾಗ ಹನ್ನೆರಡು ಹತ್ತಿರ, ಇವರ ಸರದಿ. ಮಗ್ಗುಲು ಬದಲಿಸುವಾಗ ಅತ್ತೆಗೆ ಎಚ್ಚರವಾಯಿತು. ಇವರು ಕೆಳಗೆ ಕೂತು ಫೋನಿನಲ್ಲಿ ಆ ಮರ ತೋರಿಸಿದರು. ಅತ್ತೆ ತುಂಬ ಹೊತ್ತು ನೋಡಿದರು. ಎಡಗೈ ಎತ್ತಿ ಫೋನಿನ ಮೇಲೆ ಬೆರಳಿನಿಂದ ಓರೆಯಾಗಿ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆದರು. ಫೋಟೋ ಬದಲಾಗಿ ತೊಗಟೆಯದ್ದು ಬಂತು.

"ಹಾಲು?" ಅಂದರು.

"ಇಲ್ಲಮ್ಮ, ಗೆರಟೆ ಕಟ್ಟಿರಲಿಲ್ಲ" ಅಂದರು ಇವರು. ನಾನು ದಿಂಬು ಸರಿ ಮಾಡಿದೆ.