ಹಲ್ಲಿನ ಬಿಳಿ ಅಂಚು

ಮಂಗಳವಾರ, ಜುಲೈ 15, 2025
ಬಸವನಗುಡಿ

ಮಗಳ ಹಲ್ಲಿನ ಕ್ಲಿಪ್ ತೆಗೆಸಿ ಆರು ದಿನವಾಯಿತು. ಪುಟ್ಟಿ ಇನ್ನೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುತ್ತಾಳೆ. ಎರಡು ವರ್ಷ ಕಾದಿದ್ದು ಇದಕ್ಕಾ ಅನ್ನಿಸಿ ಸಂಕಟವಾಗುತ್ತದೆ.

ಸಂಜೆ ಮತ್ತೆ ಡಾಕ್ಟರ್ ಹತ್ತಿರ ಹೋದೆವು. ಮುಂದಿನ ಹಲ್ಲಿಗೆ ಗಾಳಿ ಊದಿ ಒಣಗಿಸಿ ತೋರಿಸಿದರು. ಕ್ಲಿಪ್ ಅಂಟಿದ್ದ ಜಾಗ ಚೆನ್ನಾಗಿ ಹೊಳೆಯುತ್ತಿತ್ತು. ಅದರ ಸುತ್ತ, ಒಸಡಿನ ಕಡೆಗೆ, ಬಳಪದಲ್ಲಿ ಗೀಚಿದ ಹಾಗೆ ಬಿಳಿ ಅಂಚು. ಒದ್ದೆಯಿದ್ದಾಗ ಇಷ್ಟು ಕಂಡಿರಲಿಲ್ಲ. ಎಂಜಲು ತುಂಬಿದ್ದ ಸಣ್ಣ ತೂತುಗಳಲ್ಲಿ ಈಗ ಗಾಳಿ ಸೇರಿದೆ, ಅದಕ್ಕೇ ಎದ್ದು ಕಾಣುತ್ತಿದೆಯಂತೆ.

"ಹುಳುಕಾ ಡಾಕ್ಟ್ರೇ?"

"ಹುಳುಕಿನ ಶುರು ಸರ್. ಗುಳಿ ಬಿದ್ದಿಲ್ಲ, ಕೊರೆಯೋದು ಬೇಡ."

ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮಲ್‌ನಲ್ಲಿ ಜೀವಕೋಶಗಳಿಲ್ಲ, ಚರ್ಮದ ಗಾಯದ ಹಾಗೆ ತಾನೇ ಮಾಯುವುದಿಲ್ಲ. ಎಂಜಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತೆ ಬಂದು ಕೂರಬೇಕು. ಫ್ಲೋರೈಡ್ ಅದಕ್ಕೆ ಸಹಾಯ ಮಾಡುತ್ತದೆ.

"ತುಂಬ್ತಾ ಇದೆ ಅಂತ ಗೊತ್ತಾಗೋದು ಹೇಗೆ?" ಪುಟ್ಟಿ ಕೇಳಿದಳು. ನಾನು ಕೇಳಬೇಕಿದ್ದದ್ದು.

ಡಾಕ್ಟರ್ ಸ್ಟೂಲ್ ಎಳೆದುಕೊಂಡು ಅವಳ ಪಕ್ಕ ಕೂತರು. "ಬಿಸಿಲಿಗೆ ಕಾದ ಗೋಡೆನ ರಾತ್ರಿ ಮುಟ್ಟಿದ್ದೀಯಾ? ಕುಡಿದ ಬಿಸಿನ ವಾಪಸ್ ಬಿಡುತ್ತೆ. ಹಲ್ಲೂ ಹಾಗೇ."

ಟೊರಾಂಟೊ ವಿಶ್ವವಿದ್ಯಾಲಯದ ಆಂಡ್ರಿಯಾಸ್ ಮ್ಯಾಂಡೆಲಿಸ್ ಅವರ ತಂಡ, ಆ ಬಿಸಿಯನ್ನು ಅಳೆದು ಹಲ್ಲಿನ ಸ್ಥಿತಿ ತಿಳಿಯುವುದರ ಮೇಲೆ ತುಂಬ ಕೆಲಸ ಮಾಡಿದೆಯಂತೆ. ಕೆಂಪು ಲೇಸರನ್ನು ಮಿನುಗಿಸುತ್ತಾ ಹಲ್ಲಿಗೆ ಬಿಡುತ್ತಾರೆ. ನಮಗೆ ಗೊತ್ತೇ ಆಗದಷ್ಟು ಬಿಸಿ. ಹಲ್ಲು ಸ್ವಲ್ಪ ಶಾಖ, ಸ್ವಲ್ಪ ಬೆಳಕು ವಾಪಸ್ ಕೊಡುತ್ತದೆ. ಗಟ್ಟಿ ಎನಾಮಲ್ ಕೊಡುವುದೇ ಬೇರೆ, ಪೊಳ್ಳಾದದ್ದು ಕೊಡುವುದೇ ಬೇರೆ. ಬೇಗ ಬೇಗ ಮಿನುಗಿಸಿದರೆ ಮೇಲ್ಪದರದ ಸುದ್ದಿ ಮಾತ್ರ ಸಿಗುತ್ತದೆ. ನಿಧಾನ ಮಾಡಿದರೆ ಶಾಖದ ಅಲೆ ಆಳಕ್ಕೆ ಇಳಿಯುತ್ತದೆ. ಆಳದ್ದೇ ಮುಖ್ಯ ಅಲ್ವಾ? ಮೇಲೆ ಗಟ್ಟಿಯಾಗಿ ಒಳಗೆ ಪೊಳ್ಳು ಉಳಿಯುವುದೂ ಉಂಟಂತೆ. ಇಷ್ಟು ಶುರುವಿನದು ಎಕ್ಸ್‌ರೇಗೂ ಸುಲಭವಾಗಿ ಸಿಗುವುದಿಲ್ಲ.

ಆ ಯಂತ್ರ ಈ ಕ್ಲಿನಿಕ್‌ನಲ್ಲಿಲ್ಲ. ಮೂರು ತಿಂಗಳಿಗೊಮ್ಮೆ, ಅದೇ ದೀಪದಲ್ಲಿ, ಅದೇ ಕೋನದಲ್ಲಿ ಫೋಟೋ. ಕಣ್ಣಳತೆಯನ್ನೇ ನಂಬಬೇಕು.

ಗಾಂಧಿ ಬಜಾರ್‌ನಲ್ಲಿ ಮಳೆ ಹಿಡಿಯಿತು. ಆಟೋದಲ್ಲಿ ಅವಳು ಮಾತೇ ಆಡಲಿಲ್ಲ.

ರಾತ್ರಿ ಹಲ್ಲುಜ್ಜಿ, ಡಾಕ್ಟರ್ ಹೇಳಿದ ಹಾಗೆ ನೀರು ಮುಕ್ಕಳಿಸದೆ ಬರೀ ಉಗಿದಳು. ಆಮೇಲೆ ತುಟಿ ಎತ್ತಿ ಹಿಡಿದು, ಫೋನಿನ ಟಾರ್ಚ್ ಬಿಟ್ಟು, ಕನ್ನಡಿ ಮುಂದೆ ತುಂಬ ಹೊತ್ತು ನಿಂತಿದ್ದಳು.

"ಅಪ್ಪಾ, ಒಳಗೆಲ್ಲ ತುಂಬಿದ್ರೂ ಮೇಲೆ ಬಿಳಿ ಹಾಗೇ ಉಳಿದ್ರೆ?"

ಇದನ್ನು ಕೇಳಿಕೊಂಡೇ ಬರಬೇಕಿತ್ತು. ಏನೂ ಆಗಲ್ಲ ಮಗಾ ಅಂತ ಬಾಯಿಗೆ ಬಂದಿತ್ತು. ಆದರೆ ಅವಳು ಕನ್ನಡಿಯಲ್ಲೇ ನನ್ನ ಮುಖ ನೋಡುತ್ತಿದ್ದಳು, ಅದಕ್ಕೆ...